ಹುಬ್ಬಿನ ಮೇಲಿನ ಗಾಯ

ಹತ್ತಿಯ ಉಂಡೆ ಬಲಗೆನ್ನೆಯ ಮೇಲೆ ಇನ್ನೊಂದು ಸುತ್ತು ಸುತ್ತಿದಾಗ ಆ ಮುಖ ಇಂಗ್ಲೆಂಡಿನವನದಲ್ಲ ಎಂದು ಲಕ್ಷ್ಮೀನರಸಿಂಹನಿಗೆ ಗೊತ್ತಾಯಿತು. ಹಳೆಯ ವಾರ್ನಿಷು ಕಂದುಗಟ್ಟಿ, ಅದರ ಮೇಲೆ ಹೊಗೆ ಕೂತು, ಚಿತ್ರದೊಳಗಿನ ಮನುಷ್ಯ ಯಾವ ದೇಶದವನೂ ಅಲ್ಲದ ಹಾಗೆ ಆಗಿಹೋಗಿದ್ದ. ಮೈಸೂರಿನ ಅಶೋಕ ರಸ್ತೆಯಲ್ಲಿ ಹಳೆಯ ಮೇಜು, ಗಡಿಯಾರ, ನಿಲುವುಗನ್ನಡಿ ಮಾರುವ ಮರಿಯಯ್ಯ ಅದನ್ನು ಜಟಕಾದಲ್ಲಿ ಹಾಕಿಕೊಂಡು ನಜರ್‌ಬಾದಿನ ಈ ಮನೆಗೆ ತಂದಿಳಿಸಿ, 'ಯಾರೋ ದೊರೆ ಇರಬೇಕು ಸ್ವಾಮಿ. ಬೆಂಗಳೂರಲ್ಲಿ ದೊರೆಸಾನಿಯೊಬ್ಬಳು ಬುಟ್ಟೋದ ಬಂಗಲೆ ಸಾಮಾನಿನ ಜೊತೆ ಬಂತು. ಅವಳೇ ಬರೆದದ್ದಂತೆ. ತೊಳೆದು ಯಾರು ಅಂತ ಹೇಳ್ಬುಡಿ. ಹೆಸರು ಗೊತ್ತಾದ್ರೆ ಸಿಪಾಯಿಗಳ ಸ್ಮಾರಕದೋರು ತಗೋತಾರೆ, ಇಲ್ದಿದ್ರೆ ಹೋಟೆಲಿನೋರು ಗೋಡೆಗೆ ಹಾಕ್ಕೋತಾರೆ' ಎಂದಿದ್ದ. ಹೆಸರು ಹೇಳುವುದು ಲಕ್ಷ್ಮೀನರಸಿಂಹನ ಹೆಮ್ಮೆ. ಅವನ ಅಪ್ಪ ಅರಮನೆಯ ಚಿತ್ರಗಾರರ ಕೈಕೆಳಗೆ ಬಣ್ಣ ಅರೆದವರು. ಪೇಟದ ಸುತ್ತು, ಸೊಂಟದ ಪಟ್ಟಿ, ಎದೆಯ ಪದಕ ನೋಡಿ ಇವರು ಇಂಥ ಬಕ್ಷಿ, ಇವರು ಇಂಥ ಅರಸು ಎಂದು ಹೇಳಿಬಿಡುತ್ತಿದ್ದರು. ಮಗನಿಗೆ ಆ ಕಣ್ಣು ಬಂತು, ಕೈ ಬರಲಿಲ್ಲ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿ ಹುಡುಗರಿಗೆ ಹೂಜಿ, ಮಾವಿನಹಣ್ಣು ಬರೆಸುತ್ತ, ರಜೆಯ ದಿನಗಳಲ್ಲಿ ಬೇರೆಯವರು ಬರೆದ ಚಿತ್ರಗಳ ಕೊಳೆ ತೆಗೆಯುತ್ತ ವಯಸ್ಸು ನಲವತ್ತೈದು ದಾಟಿತ್ತು. ಪ್ರತಿ ಚಿತ್ರವನ್ನು ತೊಳೆಯುವಾಗಲೂ ಅದನ್ನು ಬರೆದವನ ಮೇಲೆ ಅವನಿಗೆ ಸಣ್ಣದೊಂದು ಹೊಟ್ಟೆಯುರಿ ಹುಟ್ಟುತ್ತಿತ್ತು. ಅದು ಅಭ್ಯಾಸವಾದ ಉರಿ, ಊಟದ ನಂತರದ ಹುಳಿತೇಗಿನ ಹಾಗೆ. ಈ ಚಿತ್ರದಲ್ಲೂ ಅದು ಹುಟ್ಟಿತು. ಬರೆದ ದೊರೆಸಾನಿ ಯಾರೇ ಆಗಿರಲಿ, ಎದುರಿಗೆ ಕೂತವನನ್ನು ಇಷ್ಟಪಟ್ಟು ಬರೆದಿದ್ದಳು. ನೀಲಿಬೂದು ಕೋಟಿನ ಎಡ ಎದೆಯ ಮೇಲೆ ವಿಮಾನ ಹಾರಿಸುವವರ ರೆಕ್ಕೆಯ ಗುರುತು. ಅದರ ಮೇಲೆ ನಮ್ಮ ಕಡೆಯ ಹೊಲಗಳ ಬಿಸಿಲಿಗೆ ಕಾಯ್ದ ಮೈಬಣ್ಣ. ಏನನ್ನೋ ಕೇಳಿಸಿಕೊಳ್ಳುತ್ತಿರುವಂಥ ಬಾಯಿ.

ಅಲಮೇಲು ಕಾಫಿ ತಂದಳು. ಎಂದಿನಂತೆ ಲೋಟವನ್ನು ಕಿಟಕಿಯ ಮೇಲಿಟ್ಟು, ಟರ್ಪೆಂಟೈನ್ ವಾಸನೆ ಅನ್ನಕ್ಕೂ ಹತ್ತುತ್ತೆ ಎಂದು ಗೊಣಗಿ ಹೋಗಬೇಕಾಗಿತ್ತು. ಹೋಗಲಿಲ್ಲ. ಅವನ ಬೆನ್ನ ಹಿಂದೆ ನಿಂತಳು. ಸೆರಗಿನಿಂದ ಒಗ್ಗರಣೆಯ ವಾಸನೆ ಬರುತ್ತಿತ್ತು.

'ಆ ಹುಬ್ಬು ಇನ್ನೂ ತೊಳೆದಿಲ್ಲವಾ?' ಎಂದಳು.

'ಯಾವ ಹುಬ್ಬು?'

'ಎಡಗಡೇದು. ಅಲ್ಲೊಂದು ಗಾಯದ ಗುರುತು ಇರಬೇಕು.'

ಅವನು ತಿರುಗಿ ನೋಡಲಿಲ್ಲ. ಹೊಸ ಹತ್ತಿ ತೆಗೆದುಕೊಂಡು, ಅದ್ದಿ, ಹಿಂಡಿ, ಎಡಹುಬ್ಬಿನ ಮೇಲೆ ಮೆಲ್ಲಗೆ ಆಡಿಸಿದ. ಹತ್ತಿ ಕಂದಾಯಿತು. ಇನ್ನೊಂದು ತೆಗೆದುಕೊಂಡ. ಹುಬ್ಬಿನ ನಡುವೆ ಕೂದಲಿಲ್ಲದ ಒಂದು ಓರೆ ಗೆರೆ, ಎಳೆಯ ಚರ್ಮದ ಹಾಗೆ ಹೊಳೆಯುತ್ತ, ಹಣೆಯ ಕಡೆಗೆ ಹತ್ತಿತ್ತು.

'ಬಸವರಾಜು,' ಎಂದಳು ಅಲಮೇಲು. 'ಕೆಸರೆಯ ಬಸವರಾಜು. ಅಪ್ಪನ ಹತ್ತಿರ ಲೆಕ್ಕ ಹೇಳಿಸಿಕೊಳ್ಳೋಕೆ ಬರ್ತಿದ್ರು. ಆಮೇಲೆ ವಿಮಾನದ ಸೈನ್ಯಕ್ಕೆ ಸೇರಿದ್ರು. ಬರ್ಮಾ ಕಡೆ ಹೋದ ವಿಮಾನ ವಾಪಸು ಬರಲಿಲ್ಲ ಅಂತ ಕೇಳಿದ್ದೆ. ಅವರ ತಾಯಿ ಇದಾರೋ ಇಲ್ಲವೋ.' ಆಮೇಲೆ ಲೋಟವನ್ನು ಕಿಟಕಿಯ ಮೇಲಿಟ್ಟು, 'ಕಾಫಿ ಆರುತ್ತೆ' ಎಂದು ಒಳಗೆ ಹೋದಳು.

ಕಾಫಿ ಆರಿತು. ಲಕ್ಷ್ಮೀನರಸಿಂಹನಿಗೆ ಮೊದಲು ಚುಚ್ಚಿದ್ದು ಗಾಯದ ಗುರುತಲ್ಲ, ಹೆಸರು. ಮದುವೆಯಾದ ಈ ಇಪ್ಪತ್ತು ವರ್ಷಗಳಲ್ಲಿ ಅಲಮೇಲು ಅವನ ಹೆಸರನ್ನು ಒಮ್ಮೆಯೂ ಬಾಯಿಬಿಟ್ಟು ಹೇಳಿರಲಿಲ್ಲ. ಯಾವ ಹೆಂಡತಿ ಹೇಳುತ್ತಾಳೆ? 'ಏನೂಂದ್ರೆ', 'ಇವರು', 'ನಮ್ಮನೆಯವರು.' ಯುದ್ಧದ ಕಾಲದಲ್ಲಿ ರೇಷನ್ ಕಚೇರಿಯ ಗುಮಾಸ್ತ ಗಂಡನ ಹೆಸರು ಕೇಳಿದಾಗ ಅವಳು ಪಕ್ಕದ ಹೆಂಗಸಿನ ಕೈಲಿ ಹೇಳಿಸಿದ್ದಳು. ಅದನ್ನು ಅವನು ಅಭಿಮಾನದಿಂದ ಸ್ಟಾಫ್ ರೂಮಿನಲ್ಲಿ ಹೇಳಿಕೊಂಡು ತಿರುಗಿದ್ದ. ಈಗ ಆ ಬಾಯಿ ಒಂದು ಗಂಡಸಿನ ಹೆಸರನ್ನು ಇಡಿಯಾಗಿ, ಒಂದಕ್ಷರವೂ ತಡವರಿಸದೆ, ಬಾಯಿ ತುಂಬ ಹೇಳಿತ್ತು. ಬ, ಸ, ವ, ರಾ, ಜು. ಹೆಸರಾದ ಮೇಲೆ ಬಹುವಚನ. ಕೆಸರೆಯ ಒಕ್ಕಲು ಮನೆಯ ಹುಡುಗ, ಮಾವನವರ ಜಗಲಿಯ ಮೇಲೆ ಸ್ಲೇಟು ಹಿಡಿದು ಕೂತವನು, 'ಬರ್ತಿದ್ರು'. ಹಾಗೆಂದುಕೊಂಡ ಕೂಡಲೇ ತನ್ನ ಮನಸ್ಸಿನ ಸಣ್ಣತನಕ್ಕೆ ತಾನೇ ನಾಚಿದ. ನಾಚಿಕೆಯ ಕೆಳಗೆ ಉರಿ ಹಾಗೆಯೇ ಇತ್ತು. ವಾಪಸು ಬರಲಿಲ್ಲವೆಂದು ಕೇಳಿದ್ದಳಂತೆ. ಯಾವಾಗ ಕೇಳಿದ್ದು? ಅವಳು ಈ ಮನೆಗೆ ಬಂದ ಮೇಲೆಯೇ ಇರಬೇಕು. ಹಾಗಾದರೆ ಒಂದು ದಿನ, ತಾನು ಸ್ಕೂಲಿನಿಂದ ಬಂದು ಕೈಕಾಲು ತೊಳೆದು ಎಲೆಯ ಮುಂದೆ ಕೂತ ಯಾವುದೋ ಒಂದು ದಿನ, ಅವಳು ಆ ಸುದ್ದಿಯನ್ನು ಒಳಗಿಟ್ಟುಕೊಂಡೇ ಬಡಿಸಿದ್ದಳು. ಸಾರಿಗೆ ಉಪ್ಪು ಬಿಟ್ಟುಹೋದ ದಿನವೇ? ತಲೆನೋವೆಂದು ಸಂಜೆಯೇ ಮಲಗಿದ ದಿನವೇ? ಅಂಥ ದಿನಗಳನ್ನೆಲ್ಲ ನೆನಪಿನಿಂದ ಎಳೆದೆಳೆದು ನೋಡಿದ. ಎಲ್ಲ ದಿನಗಳೂ ಹಾಗೇ ಕಂಡವು. ಚಿತ್ರದವನು ಕೇಳಿಸಿಕೊಳ್ಳುತ್ತಲೇ ಇದ್ದ.

ಮಾರನೆಯ ದಿನ ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಹೂಜಿ ಬರೆಯುವಾಗ ಅದರ ಕತ್ತು ಓರೆಯಾಯಿತು. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಎಂದೂ ಹೊಡೆಯದವನು ಒಬ್ಬನನ್ನು ಎಬ್ಬಿಸಿ ಹೊಡೆದ. ನಕ್ಕವನು ಅವನಲ್ಲವೆಂದು ಆಮೇಲೆ ತಿಳಿಯಿತು. ಸಂಜೆ ಮನೆಗೆ ಬರುವಾಗ ಕ್ಷೌರದಂಗಡಿಯ ಕನ್ನಡಿಯಲ್ಲಿ ಒಂದು ಮುಖ ಹಾದುಹೋಯಿತು: ಮುಂದಲೆ ಬೋಳಾದ, ಕೆನ್ನೆ ಜೋತ, ಯಾವ ಗಾಯದ ಗುರುತೂ ಇಲ್ಲದ ಮುಖ. ತನ್ನನ್ನು ಯಾರಾದರೂ ಬರೆದರೆ, ವಾರ್ನಿಷು ಕಪ್ಪಾದ ಮೇಲೆ, ಇಂಥ ಕಡೆ ಇಂಥದ್ದು ಇರಬೇಕು ಎಂದು ಹೇಳಬಲ್ಲವರು ಯಾರು? ಅಲಮೇಲು ಹೇಳಿಯಾಳೆ? ಹೆಣ್ಣು ನೋಡಲು ಹೋದ ದಿನ ಅವಳು ತಲೆ ಎತ್ತಿರಲಿಲ್ಲ. ಮರ್ಯಾದಸ್ಥ ಹುಡುಗಿ ಎಂದು ಅಮ್ಮ ಮೆಚ್ಚಿದ್ದಳು. ತಾನೂ ಮೆಚ್ಚಿದ್ದ. ಆಗ ಅವಳ ಕಣ್ಣು ಎಲ್ಲಿತ್ತು? ಜಮಖಾನದ ಅಂಚಿನ ಮೇಲಿತ್ತೆಂದು ಇಪ್ಪತ್ತು ವರ್ಷ ನಂಬಿದ್ದ. ಈಗ ನೆನಪಿನಲ್ಲಿ ಆ ಕಣ್ಣು ಬಾಗಿಲಾಚೆಯ ಜಗಲಿಯನ್ನು ನೋಡುತ್ತಿತ್ತು.

ಊಟಕ್ಕೆ ಕೂತಾಗ ತಾನಾಗಿ ಕೇಳಬಾರದೆಂದು ನಿಶ್ಚಯಿಸಿಕೊಂಡಿದ್ದ. ಹುಳಿ ಬಡಿಸುವಾಗ ಕೇಳಿಯೇಬಿಟ್ಟ.

'ಆ ಕೆಸರೆಯವನು ಪಾಠಕ್ಕೆ ಎಲ್ಲಿ ಕೂತ್ಕೋತಿದ್ದ?'

'ಜಗಲಿ ಮೇಲೆ.'

'ನೀನು?'

'ನಾನು ಒಳಗೆ.'

'ಮತ್ತೆ ಹುಬ್ಬು ಹೇಗೆ ಕಂಡಿತು?'

ಅವಳು ಸೌಟನ್ನು ಪಾತ್ರೆಯಲ್ಲಿಟ್ಟಳು. 'ಕಿಟಕಿ ಇತ್ತು,' ಎಂದಳು. 'ಇನ್ನೊಂಚೂರು ಅನ್ನ ಹಾಕಲಾ?'

ಆ ಧ್ವನಿಯಲ್ಲಿ ಮರೆಮಾಚುವುದೇನೂ ಇರಲಿಲ್ಲ. ಮರೆಮಾಚಿದ್ದರೆ ಹಿಡಿದು ಎಳೆಯಲು ಒಂದು ತುದಿಯಾದರೂ ಸಿಗುತ್ತಿತ್ತು. ಅನ್ನ ಹಾಕಿಸಿಕೊಂಡ, ಉಣ್ಣಲಾಗದೆ ಎದ್ದ.

ಅವಳು ಪಕ್ಕದ ಬೀದಿಯ ಸೀಮಂತಕ್ಕೆ ಹೋದ ಮಧ್ಯಾಹ್ನ ಅವನು ಬಣ್ಣ ಕಲಸಿದ. ಹಾಗೆ ಮಾಡುತ್ತೇನೆಂದು ಮೊದಲೇ ಅಂದುಕೊಂಡಿರಲಿಲ್ಲ. ಕಿವಿಯ ಬಳಿ ಬಣ್ಣ ಉದುರಿದ್ದ ಒಂದು ಕಡೆ ತೇಪೆ ಹಾಕಲು ಕೂತವನು, ಅದು ಮುಗಿದ ಮೇಲೂ ಕುಂಚ ಕೆಳಗಿಡಲಿಲ್ಲ. ಹುಬ್ಬಿನ ಸೀಳಿನ ಮೇಲೆ ಮೊದಲು ಮೈಬಣ್ಣ, ಆಮೇಲೆ ಅತಿ ಸಣ್ಣ ಕುಂಚದಿಂದ ಒಂದೊಂದೇ ಕೂದಲು. ಹಣೆಗೆ ಹತ್ತಿದ್ದ ಗೆರೆಯನ್ನು ಮುಚ್ಚಿದ. ತುಟಿಯ ಕೊನೆಯನ್ನೂ ತುಸು ಇಳಿಸಬಹುದಿತ್ತು, ಬೇಕಾಗಲಿಲ್ಲ. ಹುಬ್ಬು ಕೂಡಿಕೊಂಡ ಕ್ಷಣದಲ್ಲಿ ಆ ಮುಖ ಯಾರದೂ ಅಲ್ಲದ ಮುಖವಾಯಿತು: ಚೆಲುವಾದ, ಎಲ್ಲೂ ಏನೂ ಆಗಿಲ್ಲದ, ಕ್ಯಾಲೆಂಡರಿನ ಮುಖ. ದೂರ ನಿಂತು ನೋಡಿದ. ತೇಪೆಯ ಅಂಚು ತನಗೇ ಕಾಣಲಿಲ್ಲ. ಅವನು ಜೀವಮಾನದಲ್ಲಿ ಮಾಡಿದ ಅತ್ಯುತ್ತಮ ಕೆಲಸ ಅದೇ ಎಂಬುದರಲ್ಲಿ ಸಂಶಯವಿರಲಿಲ್ಲ. ಆ ಸಂತೋಷದ ಬೆನ್ನಿಗೇ, ಬಚ್ಚಲಿಗೆ ಹೋಗಿ ಕೈಯನ್ನು ಸೀಗೆಪುಡಿ ಹಾಕಿ ಉಜ್ಜಿ ಉಜ್ಜಿ ತೊಳೆದ. ಚಿತ್ರವನ್ನು ಗೋಡೆಯ ಕಡೆ ಮುಖಮಾಡಿ ನಿಲ್ಲಿಸಿ ಮರಿಯಯ್ಯನ ಅಂಗಡಿಗೆ ಹೋದ.

'ಗುರುತು ಹತ್ತಲಿಲ್ಲ ಮರಿಯಯ್ಯ. ಉತ್ತರದ ಕಡೆಯವನಿರಬೇಕು. ಪಂಜಾಬಿನವನೋ ಏನೋ.'

ಮರಿಯಯ್ಯ ಗಡಿಯಾರವೊಂದಕ್ಕೆ ಕೀಲಿ ಕೊಡುತ್ತಿದ್ದ. 'ನಿಮ್ ಕಣ್ಣಿಗೇ ಸಿಕ್ನಿಲ್ಲ ಅಂದ್ಮೇಲೆ ಬುಡಿ ಸ್ವಾಮಿ, ಮೈಸೂರಲ್ಲಿ ಇನ್ಯಾರಿಗೂ ಸಿಕ್ಕಲ್ಲ. ಹೋಟೆಲಿನೋರಿಗೆ ಹೇಳ್ಬುಡ್ತೀನಿ. ಒಣಗಿದ ಮೇಲೆ ಗಾಡಿ ಕಳುಸ್ತೀನಿ.'

ಆ ನಂಬಿಕೆ ಅವನಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಆದರೂ ವಾಪಸು ಬರುವಾಗ ಮೈ ಹಗುರವಾಗಿತ್ತು. ಇಡ್ಲಿಯ ತಟ್ಟೆಗಳ ಮೇಲೆ, ಬೀಡಿಯ ಹೊಗೆಯಲ್ಲಿ, ಹೆಸರಿಲ್ಲದವನಾಗಿ ಅವನು ತೂಗಾಡಲಿ. ಇಷ್ಟು ದಿನ ಎಲ್ಲಿದ್ದನೋ ಅಲ್ಲಿಗೇ ಹೋಗಲಿ. ಮನೆಯಲ್ಲಿ ಅಲಮೇಲು ಸೀಮಂತದ ಮನೆಯ ಹೂವನ್ನು ದೇವರಿಗೆ ಮುಡಿಸುತ್ತಿದ್ದಳು. ಚಿತ್ರ ಏನಾಯಿತೆಂದು ಕೇಳಲಿಲ್ಲ. ಮುಂದಿನ ದಿನಗಳಲ್ಲೂ ಕೇಳಲಿಲ್ಲ. ಆ ಕೋಣೆಗೆ ಬಂದರೂ ಗೋಡೆಯ ಕಡೆ ನೋಡಲಿಲ್ಲ. ಅವಳು ನೋಡದೆ ಇರುವುದನ್ನು ಅವನು ಕದ್ದು ನೋಡುತ್ತಿದ್ದ. ನೋಡಿದ್ದರೆ ಒಂದು ಬಗೆಯ ಉರಿ, ನೋಡದಿದ್ದರೆ ಇನ್ನೊಂದು. ತಿರುಗಿಸಿ ನೋಡುವ ಅಗತ್ಯವೇ ಇಲ್ಲದಷ್ಟು ಚೆನ್ನಾಗಿ ಆ ಮುಖ ಅವಳಿಗೆ ಗೊತ್ತು ಎಂದು ತೋರುತ್ತಿತ್ತು.

ಅವನು ಸ್ಕೂಲಿನಿಂದ ಬಂದ ಒಂದು ಸಂಜೆ ಪಡಸಾಲೆಯಲ್ಲಿ ಮುದುಕಿಯೊಬ್ಬಳು ಗೋಡೆಗೆ ಒರಗದೆ, ನೆಟ್ಟಗೆ ಕೂತಿದ್ದಳು. ಎತ್ತರದ ಆಳು, ಬರಿಗಾಲಿಗೆ ಕೆಸರೆಯ ಧೂಳು, ಮುಂದೆ ಮುಟ್ಟದೆ ಇಟ್ಟಿದ್ದ ಕಾಫಿ.

'ದೇವಿರಮ್ಮ ಅಂತ,' ಎಂದಳು ಅಲಮೇಲು. 'ಬಸವರಾಜು ಅವರ ತಾಯಿ. ನಾನೇ ಹೋಗಿ ವಿಚಾರಿಸಿ ಕರ್ಕೊಂಡು ಬಂದೆ.'

ಅಲಮೇಲು ಒಬ್ಬಳೇ ಕೆಸರೆಗೆ ಹೋಗಿದ್ದಳು. ಅವಳು ಒಬ್ಬಳೇ ಪೇಟೆಯ ದೊಡ್ಡ ಗಡಿಯಾರದ ಗೋಪುರದಿಂದಾಚೆಗೆ ಹೋದದ್ದನ್ನು ಅವನು ಕಂಡಿರಲಿಲ್ಲ. ದೇವಿರಮ್ಮ ಅವನಿಗೆ ಕೈಮುಗಿದು ತಾನೇ ಮಾತು ತೆಗೆದಳು. 'ಸರ್ಕಾರದೋರು ಸಿಕ್ಕಿಲ್ಲ ಅಂತ ಕಾಗ್ದ ಕಳ್ಸುದ್ರು ಸ್ವಾಮಿ. ಸಿಕ್ಕಿಲ್ಲ ಅಂದ್ರೆ ಸತ್ತ ಅಂತಲ್ವಲ್ಲ. ದೊಡ್ಡ ಮಗ ಕಾರ್ಯ ಮಾಡ್ಬುಡೋಣ ಅಂತಾನೇ ಇದ್ದ. ಹೆಣ ತೋರ್ಸು, ಆಮೇಲೆ ಮಾಡು ಅಂದೆ. ಇಲ್ಲೀಗಂಟ ಮಾಡುಸ್ಲಿಲ್ಲ. ಅವನ ಪಟ ಒಂದೂ ಇರ್ನಿಲ್ಲ ನಮ್ಮತ್ರ. ಎಲ್ಲದೆ? ತೋರ್ಸಿ.'

ಅಲಮೇಲು ಚಿತ್ರವನ್ನು ತಾನೇ ಎತ್ತಿ ತಂದು, ಬೆಳಕಿಗೆ ತಿರುಗಿಸಿ, ಕಂಬಕ್ಕೆ ಒರಗಿಸಿದಳು. ಲಕ್ಷ್ಮೀನರಸಿಂಹ ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತಿದ್ದ. ಮುದುಕಿ ಮೊಣಕಾಲಿನ ಮೇಲೆ ತೆವಳಿಕೊಂಡು ಹತ್ತಿರ ಹೋದಳು. ಬಹಳ ಹೊತ್ತು ನೋಡಿದಳು. ಬೆರಳನ್ನು ಎಡಹುಬ್ಬಿನವರೆಗೆ ತಂದು, ತಾಗಿಸದೆ, ಹಾಗೇ ಹಿಡಿದಳು.

'ಅಲ್ಲ ಕಣವ್ವ,' ಎಂದಳು. 'ನನ್ ಮಗಂಗೆ ಇಲ್ಲಿ ಎತ್ತು ಕೊಂಬು ತಾಗಿತ್ತು, ಕೂಸಿದ್ದಾಗ. ಹುಬ್ಬು ಸೀಳೋಗಿತ್ತು. ಮೂಗು ಅವನ ಅಂಗೇ ಅದೆ, ಬಾಯೂ ಅಂಗೇ ಅದೆ. ಆದ್ರೆ ಇವ್ನು ಬೇರೆ. ಯಾರ ಮಗನೋ, ಪಾಪ.' ಅವಳ ಮುಖದಲ್ಲಿ ಒಂದು ಬೆಳಕು ಬಂದು ಹೋಯಿತು. 'ಒಳ್ಳೇದೇ ಆಯ್ತು ಬುಡು. ನಾನು ಎದ್ರುಕೊಂಡೇ ಬಂದಿದ್ದೆ.'

ಅಲಮೇಲು ಬಗ್ಗಿ ನೋಡಿದಳು. ಆಮೇಲೆ ಗಂಡನ ಕಡೆ ತಿರುಗಿದಳು. ಈ ಇಪ್ಪತ್ತು ವರ್ಷಗಳಲ್ಲಿ ಯಾವತ್ತೂ ಅವಳು ಅವನನ್ನು ಅಷ್ಟು ಹೊತ್ತು, ಅಷ್ಟು ಪೂರ್ತಿಯಾಗಿ ನೋಡಿರಲಿಲ್ಲ. ಹೀಗೆ ನೋಡಬೇಕೆಂದು ಅವನು ಆಸೆಪಟ್ಟದ್ದುಂಟು. ಈಗ ಬೈದುಬಿಡಲಿ ಎಂದುಕೊಂಡ. ಈ ಮುದುಕಿಯ ಎದುರಿಗೇ ಬೈದು, ತಾನು ಮಾಡಿದ್ದನ್ನು ಹೇಳಿಬಿಟ್ಟರೆ ತಾನೂ ಏನಾದರೂ ಕೂಗಬಹುದು, ಕಿಟಕಿಯ ವಿಷಯ, ಹೆಸರಿನ ವಿಷಯ. ಅವಳು ಬೈಯಲಿಲ್ಲ. ಎದ್ದು ಹೊರಟಿದ್ದ ದೇವಿರಮ್ಮನ ಭುಜದ ಮೇಲೆ ಕೈಯಿಟ್ಟು, 'ಕೂತ್ಕೊಳ್ಳಿ ಅಮ್ಮ,' ಎಂದಳು. 'ಇವರು ಇನ್ನೂ ಪೂರ್ತಿ ತೊಳೆದಿಲ್ಲ.'

ಅವನು ಒಳಗೆ ಹೋಗಿ ಟರ್ಪೆಂಟೈನ್ ಬಾಟಲು, ಹತ್ತಿ ತಂದ. ಮೂರು ಜನರೂ ನೆಲದ ಮೇಲೆ, ಚಿತ್ರದ ಮುಂದೆ, ಊಟಕ್ಕೆ ಕೂತವರ ಹಾಗೆ ಕೂತಿದ್ದರು. ಹೊಸ ಬಣ್ಣ ಇನ್ನೂ ಹಸಿಯಾಗಿತ್ತು, ಸುಲಭವಾಗಿ ಬಂತು. ಅವನು ಒಂದೊಂದಾಗಿ ಬರೆದ ಕೂದಲುಗಳೆಲ್ಲ ಹತ್ತಿಗೆ ಒಟ್ಟಾಗಿ ಹತ್ತಿಕೊಂಡವು. ಸೀಳು ಕಾಣಿಸಿತು, ಗೆರೆ ಹಣೆಗೆ ಏರಿತು, ಬಾಯಿ ಮತ್ತೆ ಕೇಳಿಸಿಕೊಳ್ಳತೊಡಗಿತು. ದೇವಿರಮ್ಮ ಅಳಲಿಲ್ಲ. ಅವಳ ನೆಟ್ಟನೆಯ ಬೆನ್ನು ಬಾಗಿತು, ಅಷ್ಟೆ. 'ಅವನೇಯ,' ಎಂದಳು. ಅಲಮೇಲು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆಮೇಲೆ ಮುದುಕಿ ಅವಳ ಕಡೆ ತಿರುಗಿ, ಏನೋ ನೆನಪಾದವಳಂತೆ ಕೇಳಿದಳು: 'ಮೇಷ್ಟ್ರ ಮಗಳು ಒಬ್ಳವ್ಳೆ, ನಾನು ಬಳಪ ಎತ್ತೋದ್ರೊಳಗೆ ಒಳಗಿಂದ್ಲೇ ಉತ್ತರ ಹೇಳ್ಬುಡ್ತಾಳೆ ಅಂತ ಉರ್ಕೊಳ್ತಿದ್ದ ನನ್ ಮಗ. ಅನ್ನ ಬುಟ್ಟು ಲೆಕ್ಕ ಮಾಡ್ತಾ ಕೂತ್ಕೊಳ್ಳೋನು, ಅವಳನ್ನ ಸೋಲುಸ್ಬೇಕು ಅಂತ. ಅದು ನೀನೇನವ್ವ?'

'ನಾನೇ,' ಎಂದಳು ಅಲಮೇಲು. ಸೆರಗಿನ ಹಿಂದೆ ಅವಳು ನಕ್ಕಳು. 'ಒಂದೇ ಒಂದು ಸಲ ಸೋಲಿಸಿದ್ರು. ಅವತ್ತು ಕಿಟಕಿ ಹತ್ತಿರ ಬಂದು ಸ್ಲೇಟು ತೋರಿಸಿ ಹೋದ್ರು.'

ಲಕ್ಷ್ಮೀನರಸಿಂಹ ಹತ್ತಿಯ ಉಂಡೆಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿದುಕೊಂಡ. ಅವಳಿಗೆ ಲೆಕ್ಕ ಬರುತ್ತಿತ್ತೆಂದು ಅವನಿಗೆ ಗೊತ್ತಿರಲಿಲ್ಲ. ಹಾಲಿನವಳ ಲೆಕ್ಕವನ್ನು ಕೂಡ ತಾನೇ ಬೆರಳು ಮಡಿಸಿ ಮಾಡಿ, 'ನಿನಗೆ ತಿಳಿಯಲ್ಲ ಬಿಡು' ಎಂದುಬಿಡುತ್ತಿದ್ದ. ಅವಳು ಹೌದೆಂಬಂತೆ ಸುಮ್ಮನಿರುತ್ತಿದ್ದಳು. ಅವಳಿಗೆ ಮೊದಲೇ ಉತ್ತರ ಗೊತ್ತಿರುತ್ತಿತ್ತು. ಅವನಿಗಾಗಿ ಕಾಯುತ್ತಿದ್ದಳೋ, ಅವನನ್ನು ನೋಡಿ ಒಳಗೇ ನಗುತ್ತಿದ್ದಳೋ. ಇಷ್ಟು ದಿನ ತಾನು ಉರಿದದ್ದು ಒಂದು ಪ್ರೇಮಕ್ಕೆ. ಅದು ಇರಲೇ ಇಲ್ಲ ಅನ್ನಿಸಿದಾಗ ಉರಿ ಆರಬೇಕಾಗಿತ್ತು. ಆರಲಿಲ್ಲ. ಆ ಹುಡುಗ ಅವಳ ಮೇಲೆ ಹೊಟ್ಟೆಯುರಿ ಪಡುವಷ್ಟು ಅವಳನ್ನು ಅರಿತಿದ್ದ. ತಾನು ಅವಳ ಬೆನ್ನನ್ನು, ಅವಳ ಸೌಟನ್ನು, ಅವಳು ಇಟ್ಟುಹೋದ ಕಾಫಿಯನ್ನು ಅರಿತಿದ್ದ.

'ಚಿತ್ರ ಅವರಿಗೆ ಕೊಟ್ಟು ಬನ್ನಿ,' ಎಂದಳು ಅಲಮೇಲು, ಲೋಟಗಳನ್ನು ಎತ್ತಿಕೊಳ್ಳುತ್ತ.

'ಮರಿಯಯ್ಯ...'

'ಮರಿಯಯ್ಯನಿಗೆ ನೀವು ಹೇಳಿ. ಚಿತ್ರದಲ್ಲಿರೋರು ಯಾರು ಅಂತಾನೂ ಹೇಳಿ.'

'ನೀನೂ ಬಾ.'

'ಬೇಡ. ನೀವೇ ಹೋಗಿ ಬನ್ನಿ.'

ಜಟಕಾ ಕೆಸರೆಯ ದಾರಿ ಹಿಡಿದಾಗ ಬಿಸಿಲು ಇಳಿದಿತ್ತು. ದೇವಿರಮ್ಮ ಚಿತ್ರವನ್ನು ಮಲಗಿಸಲು ಬಿಡಲಿಲ್ಲ. ಅವನೂ ಅವಳೂ ಎರಡೂ ಕಡೆ ಹಿಡಿದು ನಿಲ್ಲಿಸಿಕೊಂಡು ಕೂತರು. ಎದುರು ಬಂದವರೆಲ್ಲ ಅವರಿಬ್ಬರ ನಡುವೆ ಕೂತ ಸೈನಿಕನನ್ನು ನೋಡುತ್ತಿದ್ದರು. ಯಾರೂ ಲಕ್ಷ್ಮೀನರಸಿಂಹನನ್ನು ನೋಡಲಿಲ್ಲ. ಬೀದಿಯ ತಿರುವಿನಲ್ಲಿ ಹೊರೆ ಹುಲ್ಲು ಹೊತ್ತ ಒಬ್ಬಾಕೆ 'ಯಾರ್ ಅತ್ತೆ ಅದು?' ಎಂದಾಗ ದೇವಿರಮ್ಮ, 'ಬಸವರಾಜು. ಬಂದ,' ಎಂದಳು. ಮನೆ ಮುಟ್ಟುವಷ್ಟರಲ್ಲಿ ಹಿಂದೆ ಜನ ಸೇರಿದ್ದರು. ಹೊಲದಿಂದ ದೊಡ್ಡ ಮಗನನ್ನು ಕರೆಯಲು ಯಾರೋ ಹೋದರು. ಒಳಗೆ ಹಗ್ಗದ ಮಂಚದ ಮೇಲೆ ಕಂಬಳಿ ಹಾಸಿ, ಚಿತ್ರವನ್ನು ಈಗ ಮಲಗಿಸಬಹುದೆಂದು ಅವಳೇ ಹೇಳಿದಳು. ಸೊಸೆ ತಂಬಿಗೆಯಲ್ಲಿ ನೀರು ತಂದಿಟ್ಟಳು.

'ಇದಕ್ಕೆ ನೀರು ತಾಕುದ್ರೆ ಕೆಡ್ತದಾ ಸ್ವಾಮಿ?' ಎಂದಳು ದೇವಿರಮ್ಮ.

ಅವಳು ಏನು ಮಾಡಹೊರಟಿದ್ದಾಳೆಂದು ಅವನಿಗೆ ಅರ್ಥವಾಯಿತು. 'ಎಣ್ಣೆ ಬಣ್ಣ ಅಮ್ಮ. ಬಟ್ಟೆ ಹಿಂಡಿ ಒರೆಸಿದ್ರೆ ಏನೂ ಆಗಲ್ಲ.'

'ಇಂಡಿ ಕೊಡಿ ಅಂಗಾರೆ. ನನ್ ಕೈಲಿ ಸಕ್ತಿ ಇಲ್ಲ.'

ಅವನು ಮಂಚದ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು ಬಟ್ಟೆಯನ್ನು ಅದ್ದಿ, ಹಿಂಡಿ ಕೊಟ್ಟ. ಅವಳು ಹಣೆ ಒರೆಸಿದಳು. ಕೆನ್ನೆ ಒರೆಸಿದಳು. ಕಿವಿಯ ಹಿಂದೆ ಇರದ ಕೊಳೆಯನ್ನೂ ಒರೆಸಿದಳು, ಶಾಲೆಗೆ ಹೊರಟ ಮಗುವಿಗೆ ಒರೆಸುವ ಹಾಗೆ. ಕಾಲರಿನ ಅಂಚು, ಎದೆಯ ಮೇಲಿನ ರೆಕ್ಕೆ. ಬಾಗಿಲಲ್ಲಿ ನಿಂತ ಹೆಂಗಸರಲ್ಲಿ ಯಾರೋ ಸಣ್ಣಗೆ ಅಳಲು ಶುರುಮಾಡಿದರು. ಲಕ್ಷ್ಮೀನರಸಿಂಹನ ಎದೆಯಲ್ಲಿ, ಈಗಲೂ, ಇಲ್ಲೂ, ಅದೇ ಉರಿ ಸಣ್ಣಗೆ ಎದ್ದಿತು. ಹೆಣವೇ ಇಲ್ಲದವನ ಮುಖ ತೊಳೆಯಲು ಇಷ್ಟು ವರ್ಷ ಒಬ್ಬಳು ಕೈ ಕಾದಿಟ್ಟುಕೊಂಡಿದ್ದಳು. ನಾಚಿಕೆಯಾಗಲಿಲ್ಲ, ಬಟ್ಟೆಯನ್ನು ಮತ್ತೆ ಅದ್ದಿ, ಹಿಂಡಿ, ಕೊಟ್ಟ.

ದೇವಿರಮ್ಮ ಹುಬ್ಬಿನ ಬಳಿ ಬಂದು ನಿಂತಳು. ತಲೆ ಎತ್ತದೆ, ಬೇರೆಯವರಿಗೆ ಕೇಳದ ಹಾಗೆ, 'ಇಲ್ಲಿ ಬಣ್ಣ ಬಳಿದಿದ್ದು ನೀವೇ ಅಲ್ವಾ?' ಎಂದಳು.

'ಹೌದು.'

'ಯಾಕೆ ಸ್ವಾಮಿ? ಕೆಟ್ಟದಾಗಿ ಕಾಣ್ತಿತ್ತಾ?'

ಅವನು ಸೀಳಿದ ಆ ಹುಬ್ಬನ್ನು ನೋಡಿದ.

'ಇಲ್ಲಮ್ಮ,' ಎಂದ. 'ಚೆನ್ನಾಗಿ ಕಾಣ್ತಿತ್ತು.'

ಅವಳು ತಲೆಯಾಡಿಸಿದಳು. ಬಟ್ಟೆಯನ್ನು ತಂಬಿಗೆಯ ನೀರಿಗೆ ಇಳಿಬಿಟ್ಟು, ಎತ್ತಿ, ಹಿಂಡಲೆಂದು ಅವನ ಕೈಗೆ ಕೊಟ್ಟಳು.